ಮೂರೂಮುಕ್ಕಾಲು ಮೀಟರ್ ಏರು
ಬಳ್ಳಾರಿಯ ನಮ್ಮ ಮನೆಯ ಮಹಡಿ ಕೋಣೆಗೆ ಮಾದರಿ ರೈಲು ಮಾರ್ಗದ ನಕ್ಷೆ ಬಿಡಿಸುತ್ತಿದ್ದೇನೆ. ಪ್ರಮಾಣ 1:87, ಹಳಿಗಳ ಅಂತರ 16.5 ಮಿಲಿಮೀಟರ್. ತೋರಣಗಲ್ಲಿನ ಕಡೆ ಕಾಣುವಂಥ ಅದಿರಿನ ಗಾಡಿಯನ್ನು ಓಡಿಸುವ ಆಸೆ. ಒಂದು ಮಾರ್ಗ ಇನ್ನೊಂದರ ಮೇಲೆ ಹಾಯಲು ಸೇತುವೆಯ ದಪ್ಪವೂ ಸೇರಿ ಸುಮಾರು 75 ಮಿಲಿಮೀಟರ್ ಎತ್ತರ ಬೇಕು. ನೂರಕ್ಕೆ ಎರಡರ ಏರಿನಲ್ಲಿ ಅದಕ್ಕೆ ಮೂರೂಮುಕ್ಕಾಲು ಮೀಟರ್ ಉದ್ದ ಬೇಕು. ಏರಿನ ಎರಡೂ ತುದಿಗಳನ್ನು ನಯವಾಗಿ ಬಾಗಿಸಲು ಇನ್ನಷ್ಟು. ಏರು ತಿರುವಿನಲ್ಲಿ ಬಂದರೆ ಎಂಜಿನ್‌ಗೆ ಎಳೆತ ಮತ್ತೂ ಭಾರ. ಕೋಣೆಯೇ ಅಷ್ಟು ಉದ್ದವಿಲ್ಲ! ಸೇತುವೆ ಕೈಬಿಡು ಎನ್ನುತ್ತಾನೆ ತಮ್ಮ. ಬಿಡಲಾರೆ. ಮೇಲಿನ ಹಳಿಯನ್ನು ಅರ್ಧ ಏರಿಸಿ, ಕೆಳಗಿನದನ್ನು ಅರ್ಧ ಇಳಿಸಿದರೆ ಬೇಕಾದ ಉದ್ದವೂ ಅರ್ಧವಾಗುತ್ತದೆ. ಈ ಲೆಕ್ಕಕ್ಕೆ ಕುಳಿತಾಗಿನಿಂದ ಸಂಡೂರಿನ ಗುಡ್ಡಗಳ ಸೀಮೆಯಲ್ಲಿ ನಿಜವಾದ ಹಳಿಗೆ ಇಳಿಜಾರು ಅಳೆದವರ ಮೇಲೆ ಗೌರವ ಉಕ್ಕುತ್ತಿದೆ. ಭಾನುವಾರ ಪ್ಲೈವುಡ್ ಕತ್ತರಿಸುತ್ತೇವೆ.