ದೇಶ ಬೆಳೆಯೋದು ಬೇಡವಾ ಅಂತ ಕೇಳುವವರಿಗೆ

"ಇಂಗಾಲ ಕಡಿಮೆ ಮಾಡಿ ಅಂತೀರಲ್ಲ, ಹಾಗಾದ್ರೆ ದೇಶ ಬೆಳೆಯೋದು ಬೇಡವಾ?" ಇಂಧನದ ಬಗ್ಗೆ ಬರೆಯುವವಳು ಎಂದು ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಬೆಳೆಯಲೇಬೇಕು. ಕರೆಂಟಿಲ್ಲದೆ ಆಸ್ಪತ್ರೆ ನಡೆಸಿ ಎಂದು ನಾನು ಯಾರಿಗೂ ಹೇಳಿಲ್ಲ. ಬಡ ದೇಶ ಮೇಲೆ ಬರಲು ಈಗಿನದಕ್ಕಿಂತ ಹೆಚ್ಚು ಶಕ್ತಿ ಬೇಕೇ ಬೇಕು. ನನಗೆ ಸಿಟ್ಟು ಬರುವುದು ಕೇಳುವ ಧಾಟಿಗೆ. ಒಮ್ಮೆ ಉಪನ್ಯಾಸ ಮುಗಿಸಿದಾಗ ಹಿರಿಯರೊಬ್ಬರು ಎದ್ದು, "ಅಭಿವೃದ್ಧಿ ಬೇಕೋ ಪರಿಸರ ಬೇಕೋ, ಒಂದೇ ಮಾತಲ್ಲಿ ಹೇಳಮ್ಮ" ಎಂದರು. ಒಂದೇ ಮಾತಲ್ಲಿ ಆಗುವುದಿಲ್ಲ ಸರ್ ಎಂದೆ. "ನೋಡಿದ್ರಾ, ಉತ್ತರವೇ ಇಲ್ಲ" ಎಂದು ಸಭೆಯತ್ತ ತಿರುಗಿದರು. ಉತ್ತರ ಇತ್ತು, ಕೇಳುವ ವ್ಯವಧಾನ ಅವರಿಗಿರಲಿಲ್ಲ.

ಜಪಾನಿನ ಇಂಧನ ತಜ್ಞ ಯೋಯಿಚಿ ಕಾಯಾ ಇಂಗಾಲದ ಲೆಕ್ಕವನ್ನು ನಾಲ್ಕು ಅಂಶಗಳ ಗುಣಾಕಾರವಾಗಿ ಬರೆದರು: ಜನಸಂಖ್ಯೆ, ತಲಾ ಆದಾಯ, ಅಷ್ಟು ಆದಾಯ ಗಳಿಸಲು ಬಳಸುವ ಶಕ್ತಿ, ಆ ಶಕ್ತಿಯಿಂದ ಬರುವ ಇಂಗಾಲ. ಎರಡನೆಯದಕ್ಕೆ ಕತ್ತರಿ ಬೀಳುತ್ತದೆಂದು ನಿಮಗೆ ಭಯ. ನಾವು ಇಳಿಸಲು ಹೊರಟಿರುವುದು ಕೊನೆಯ ಎರಡನ್ನು. ಸಾಧಾರಣ ಕಲ್ಲಿದ್ದಲು ಸ್ಥಾವರದಲ್ಲಿ ಸುಟ್ಟ ಶಾಖದ ಸುಮಾರು ಮೂರನೇ ಒಂದು ಭಾಗ ಮಾತ್ರ ತಂತಿಗೆ ಏರುತ್ತದೆ. ಉಳಿದದ್ದು ಕೂಲಿಂಗ್ ಟವರಿನ ಹಬೆ, ಚಿಮಣಿಯ ಬಿಸಿಗಾಳಿ. ಪೆಟ್ರೋಲ್ ಎಂಜಿನ್ನಿನ ಕಥೆಯೂ ಹೆಚ್ಚುಕಡಿಮೆ ಅದೇ. ಈ ನಷ್ಟ ತಪ್ಪಿದರೆ ಯಾರ ಆದಾಯ ಕುಸಿಯುತ್ತದೆ?

1990ರಿಂದ 2023ರ ಹೊತ್ತಿಗೆ ಬ್ರಿಟನ್ನಿನ ಹೊರಸೂಸುವಿಕೆ ಸುಮಾರು ಅರ್ಧಕ್ಕಿಳಿಯಿತು, ಆರ್ಥಿಕತೆ ಮುಕ್ಕಾಲು ಪಾಲಿನಷ್ಟು ಹಿಗ್ಗಿತು. ಅಲ್ಲಿನ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. "ಕಾರ್ಖಾನೆಗಳನ್ನು ಚೀನಾಕ್ಕೆ ಸಾಗಿಸಿದರಷ್ಟೇ" ಎನ್ನುತ್ತೀರಿ, ಗೊತ್ತು. ಅದರಲ್ಲಿ ಸತ್ಯವಿದೆ. ಆಮದು ಸರಕಿನ ಇಂಗಾಲ ಸೇರಿಸಿದರೆ ಇಳಿಕೆ ಸಣ್ಣದಾಗುತ್ತದೆ, ಆದರೆ ಅಳಿಸಿಹೋಗುವುದಿಲ್ಲ.

ಹಾಗೆಂದು ಜಗತ್ತು ಗೆದ್ದಿಲ್ಲ. ಆದಾಯಕ್ಕೆ ಹೋಲಿಸಿದರೆ ಇಂಗಾಲ ಇಳಿಯುತ್ತಲೇ ಇದೆ, ಆದರೆ ಆರ್ಥಿಕತೆ ಅದಕ್ಕಿಂತ ವೇಗವಾಗಿ ಬೆಳೆದು ಒಟ್ಟು ಮೊತ್ತವನ್ನು ಏರಿಸುತ್ತಾ ಬಂದಿದೆ. ಅದಕ್ಕೇ, ಕಲ್ಲಿದ್ದಲು ಬಿಟ್ಟು ಬೆಳೆಯಲು ಬಡ ದೇಶಕ್ಕೆ ಸಾಲ ಯಾವ ಬಡ್ಡಿಗೆ ಸಿಗುತ್ತದೆ ಎಂದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ. ಕಲ್ಲಿದ್ದಲಿಗೆ ಸುಟ್ಟಂತೆಲ್ಲ ದುಡ್ಡು ಕಟ್ಟಬಹುದು. ಸೌರ ವಿದ್ಯುತ್ತಿಗೆ ಬಹುಪಾಲು ಹಣವನ್ನು ಮೊದಲೇ ಸುರಿಯಬೇಕು. ಶ್ರೀಮಂತ ದೇಶದಲ್ಲಿರುವ ಅದೇ ಪ್ಯಾನೆಲ್, ಬಡ ದೇಶದಲ್ಲಿ ಅದಕ್ಕೆ ಇನ್ನೂ ಒಳ್ಳೆಯ ಬಿಸಿಲು, ಆದರೂ ಬಡ್ಡಿ ದುಪ್ಪಟ್ಟಾದರೆ ಯೂನಿಟ್ಟಿನ ದರ ಏರಿ ಕಲ್ಲಿದ್ದಲೇ ಅಗ್ಗವೆನಿಸುತ್ತದೆ. ಬೆಳವಣಿಗೆಯ ಬಗ್ಗೆ ನಿಜಕ್ಕೂ ಕಾಳಜಿ ಇದ್ದರೆ ಆ ಬಡ್ಡಿಯ ಬಗ್ಗೆ ಜಗಳವಾಡಿ, ನಾನೂ ಜೊತೆಗೆ ಬರುತ್ತೇನೆ.