ಗಾಲಿ ಚಪ್ಪಟೆಯಾದರೆ ಮೊದಲು ಎಣಿಸಿ

ಯಾವುದೋ ಡಬ್ಬಿಯ ಗಾಲಿ ಬಡಿಯುತ್ತಿದೆ ಅಂದ ಕೂಡಲೇ ಬರುವ ಮಾತು ಒಂದೇ: 'ಡ್ರೈವರ್ ಗಕ್ಕನೆ ಬ್ರೇಕ್ ಹಾಕಿರಬೇಕು.' ಬ್ರೇಕ್ ಬಿಗಿಹಿಡಿದು ಗಾಲಿ ತಿರುಗದೆ ಹಳಿ ಮೇಲೆ ಜಾರಿದರೆ ಉಜ್ಜಿದ ಜಾಗ ಚಪ್ಪಟೆಯಾಗುತ್ತದೆ, ಅದಕ್ಕೇ ಫ್ಲಾಟ್ ಅಂತಾರೆ. ಹುಬ್ಬಳ್ಳಿಯಲ್ಲಿ ರೈಲು ಡಬ್ಬಿಗಳ ಗಾಲಿ, ಬ್ರೇಕು ನೋಡುವ ಕೆಲಸ ನನ್ನದು. ಈ ಮಾತನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಎಷ್ಟು ಗಾಲಿ ಕೆಟ್ಟಿವೆ, ಎಲ್ಲೆಲ್ಲಿ ಕೆಟ್ಟಿವೆ ಅಂತ ಎಣಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು ಸದ್ದು. ರೈಲು ಒಳಗೆ ಬರುವಾಗ ಹಳಿ ಪಕ್ಕ ನಿಂತು ಕೇಳುತ್ತೇವೆ, ರೋಲಿಂಗ್ ಇನ್ ಅಂತಾರೆ. ಹಳಿಯ ಜಾಯಿಂಟಿನ ಸದ್ದು ಒಂದೇ ಜಾಗದಲ್ಲಿ ಬರುತ್ತದೆ, ಎಲ್ಲ ಡಬ್ಬಿಗೂ. ಚಪ್ಪಟೆ ಗಾಲಿಯ 'ಟಪ್ ಟಪ್' ಡಬ್ಬಿಯ ಜೊತೆಗೇ ಓಡುತ್ತದೆ. ಹೊಸ ಗಾಲಿಯ ಅಡ್ಡಳತೆ 915 ಮಿ.ಮೀ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ ಮೂರು ಏಟು. ಬೇರಿಂಗೂ ಆ ಏಟು ತಿನ್ನುತ್ತದೆ, ಹಳಿಯೂ ತಿನ್ನುತ್ತದೆ. ಕೋಚ್‌ಗೆ 50 ಮಿ.ಮೀ. ಉದ್ದದ ಫ್ಲಾಟ್‌ವರೆಗೆ ಮಿತಿ, ಗೂಡ್ಸ್ ವ್ಯಾಗನ್‌ಗೆ 60. ಆ 50ಕ್ಕೆ ಆಳ ಲೆಕ್ಕ ಹಾಕಿ ನೋಡಿ, ಬರೀ 0.7 ಮಿ.ಮೀ. ಇಷ್ಟಕ್ಕೇ ಅಷ್ಟು ಸದ್ದು!

ಇನ್ನು ಎಣಿಕೆ. ಒಂದು ಆಕ್ಸಲ್‌ನ ಎರಡೂ ಗಾಲಿ ಬಿಗಿಯಾಗಿ ಕೂಡಿಸಿರುತ್ತವೆ. ಹಾಗಾಗಿ ಜಾರಿದರೆ ಎರಡೂ ಜಾರುತ್ತವೆ, ಫ್ಲಾಟ್‌ಗಳು ಎದುರುಬದುರು ಬರುತ್ತವೆ. ನಾಲ್ಕೈದು ಡಬ್ಬಿಗಳಲ್ಲಿ ಹೀಗಿದ್ದರೆ ಹಳಿ ಮೇಲೆ ಜಾರಿಕೆ ಇದ್ದಾಗ ಎಮರ್ಜೆನ್ಸಿ ಬ್ರೇಕ್ ಬಿದ್ದಿರಬೇಕು. ಆಗ ಮಾತ್ರ ಡ್ರೈವರ್ ಸುದ್ದಿ. ಒಂದೇ ಡಬ್ಬಿಯ ನಾಲ್ಕೂ ಆಕ್ಸಲ್ ಆದರೆ ಆ ಡಬ್ಬಿಯ ಬ್ರೇಕ್ ಬಿಟ್ಟಿಲ್ಲ ಅಂತ. ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿಯ ಕೋಚ್‌ನಲ್ಲಿ ಒಂದೇ ಆಕ್ಸಲ್ ಆದರೆ ನಾನು ಸೀದಾ ಅದರ ತುದಿಯ ಸ್ಪೀಡ್ ಸೆನ್ಸರ್ ಹತ್ತಿರ ಹೋಗುತ್ತೇನೆ. ಗಾಲಿ ಜಾರಿದ್ದು ಸೆನ್ಸರ್‌ನಿಂದ ಗೊತ್ತಾದರೆ ತಾನೇ ಯಂತ್ರ ಬ್ರೇಕಿನ ಗಾಳಿ ಬಿಟ್ಟು ಗಾಲಿಯನ್ನು ಸಡಿಲಿಸುವುದು? ವೈರ್ ಕಿತ್ತಿದ್ದರೆ ಗೊತ್ತಾಗುವುದಾದರೂ ಹೇಗೆ!

ಒಮ್ಮೆ ಹೊಸ ಹುಡುಗನೊಬ್ಬ, 'ಸರ್, ನಾಲ್ಕೂ ಆಕ್ಸಲ್ ಹೋಗ್ಯಾವ್ರೀ. ಲೇತ್‌ಗೆ ಕಳಸೂಣೇನ್ರೀ?' ಅಂದ. ಲೇತ್ ಅಂದರೆ ಗಾಲಿಯನ್ನು ಕೆತ್ತಿ ಮತ್ತೆ ದುಂಡಗೆ ಮಾಡುವ ಯಂತ್ರ.

'ಕಳಸೂಣ ತಮ್ಮಾ. ಮೊದಲ ದಾರಿಯೊಳಗ ಯಾರರ ಚೈನ್ ಜಗ್ಯಾರೇನು ಕೇಳು.'

ಜಗ್ಗಿದ್ದರು. ರೈಲು ಹೊರಟಾಗ ಆ ಡಬ್ಬಿಯ ಬ್ರೇಕ್ ಬಿಟ್ಟೇ ಇರಲಿಲ್ಲ.

ಅರ್ಧಂಬರ್ಧ ಹಿಡಿದ ಬ್ರೇಕಿನ ಗುರುತೇ ಬೇರೆ. ಗಾಲಿ ತಿರುಗುತ್ತಲೇ ಇರುತ್ತದೆ, ಚಪ್ಪಟೆಯಾಗುವುದಿಲ್ಲ, ಕಾಯುತ್ತದೆ. ಐಸಿಎಫ್ ಅನ್ನುವ ಹಳೆಯ ಮಾದರಿಯ ಕೋಚ್‌ನಲ್ಲಿ ಬ್ರೇಕ್ ಬ್ಲಾಕ್ ಗಾಲಿಯ ಮೈಗೇ ಉಜ್ಜುವುದರಿಂದ ಅಲ್ಲಿ ಅಡ್ಡಡ್ಡ ಸಣ್ಣ ಬಿರುಕು ಬಿಡುತ್ತವೆ. ಸುಟ್ಟ ವಾಸನೆ ಪ್ಲಾಟ್‌ಫಾರ್ಮಿಗೇ ಬರುತ್ತದೆ.

ಮಳೆಯದು ಒಂದು ವಿಚಿತ್ರ. ಜೋರು ಮಳೆ ಹಳಿಯನ್ನು ತೊಳೆದುಬಿಡುತ್ತದೆ. ಒಣಗಿದ ಹಳಿ ಮೇಲೆ ಬೀಳುವ ಮೊದಲ ಹನಿಗಳೇ ಕೆಟ್ಟವು. ತುಕ್ಕು, ಎಣ್ಣೆ, ಧೂಳು ಎಲ್ಲ ಸೇರಿ ತೆಳ್ಳಗೆ ಜಾರುವ ಲೇಪ ಆಗುತ್ತದೆ. ಅಣ್ಣಿಗೇರಿ ಕಡೆ ಎರೆ ಮಣ್ಣು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನಲ್ಲಿ ಉದುರಿದ ಎಲೆಯದೇ ಕಾಟ, ಹಳಿ ತೊಳೆಯಲು ಬೇರೆ ರೈಲೇ ಓಡಿಸುತ್ತಾರೆ. ಮುಂಬೈ ಲೋಕಲ್‌ನಂತೆ ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲುವ ಗಾಡಿಗೆ ಬ್ರೇಕ್ ಕೆಲಸವೇ ಜಾಸ್ತಿ, ಜಾರುವ ಸಂದರ್ಭವೂ ಜಾಸ್ತಿ. ನಮ್ಮಲ್ಲೂ ಹುಬ್ಬಳ್ಳಿ ಬಿಟ್ಟರೆ ಉಣಕಲ್, ಅಮರಗೋಳ, ನವಲೂರು, ಆಮೇಲೆ ಧಾರವಾಡ. ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ಇಷ್ಟು ಸ್ಟೇಷನ್.

ಇನ್ನು ಒಂದೇ ಕಡೆಯ ಗಾಲಿಯಲ್ಲಿ ಚಕ್ಕೆ ಎದ್ದು ಗುಳಿ ಬಿದ್ದಿದ್ದರೆ ಕಥೆ ಹಳೆಯದಿರಬಹುದು. ಗಾಲಿ ಜಾರಿದಾಗ ಉಜ್ಜಿದ ಜಾಗ ಮಾತ್ರ ಕಾದು ಕೆಂಪಾಗುತ್ತದೆ. ಉಳಿದ ಗಾಲಿ ತಣ್ಣಗಿರುವುದರಿಂದ ಆ ಬಿಸಿಯನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ಕಮ್ಮಾರ ಕಾಸಿದ ಕುಡುಗೋಲನ್ನು ನೀರಿಗೆ ಅದ್ದಿದ ಹಾಗೆ. ಆ ಜಾಗ ಗಟ್ಟಿಯಾಗುತ್ತದೆ, ಆದರೆ ಪೆಡಸು. ಮುಂದೆ ಭಾರ ಬಿದ್ದಂತೆ ಬಿರಿದು ಉದುರುತ್ತದೆ. ಲೇತ್‌ನಲ್ಲಿ ಚಪ್ಪಟೆ ಮಾಯವಾದರೂ ಗಟ್ಟಿ ಪದರ ಉಳಿದಿದ್ದರೆ ಅದೇ ಜಾಗದಲ್ಲಿ ಮತ್ತೆ ಗುಳಿ. ಅದಕ್ಕೇ ಹೊಳೆಯುವ ಕಲೆ ಪೂರ್ತಿ ಹೋಗುವ ತನಕ ಕೆತ್ತಿಸುತ್ತೇನೆ, ಜೋಡಿ ಗಾಲಿಯನ್ನೂ ಅದೇ ಅಳತೆಗೆ ತರಿಸುತ್ತೇನೆ. ಗಾಲಿಯ ಆಯುಷ್ಯ ಕಡಿಮೆ ಮಾಡುತ್ತೀರಿ ಅಂತ ಸ್ಟೋರ್‌ನವರಿಗೆ ನನ್ನ ಮೇಲೆ ಸಿಟ್ಟು.