ಬಾಗಿಲಿಗೆ ಅಡ್ಡ ಮಲಗುವ ಬೆಕ್ಕು

ಸಾಕುಪ್ರಾಣಿಗಳ ಚಿಕಿತ್ಸಾಲಯದಲ್ಲಿ ಕುಳಿತಿರುವ ನನ್ನಂಥ ಪಶುವೈದ್ಯರಿಗೆ ಬೆಕ್ಕುಗಳ ವ್ಯಾಜ್ಯ ತಿಳಿಯುವುದು ಸಾಮಾನ್ಯವಾಗಿ ಅದು ಮುಗಿದ ಮೇಲೆಯೇ, ಅದೂ ಕೀವು ತುಂಬಿದ ಬಾವಿನ ರೂಪದಲ್ಲಿ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ. ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುವುದರಿಂದ ಒಳಗೆ ಉಳಿದ ಬ್ಯಾಕ್ಟೀರಿಯಾಗಳು ಎರಡು ಮೂರು ದಿನಗಳಲ್ಲಿ ಬಾವು ಕಟ್ಟಿಸುತ್ತವೆ. ಕೂದಲು ಬೋಳಿಸಿ ನೋಡಿದಾಗ ಗಾಯ ಕೆನ್ನೆಯಲ್ಲೋ ಮುಂಗಾಲಿನಲ್ಲೋ ಇದ್ದರೆ ಆ ಬೆಕ್ಕು ಎದುರು ನಿಂತು ಕಾದಾಡಿದೆ ಎಂದೂ, ಬಾಲದ ಬುಡದಲ್ಲಿದ್ದರೆ ಓಡುವಾಗ ಕಚ್ಚಿಸಿಕೊಂಡಿದೆ ಎಂದೂ ಬಹುಮಟ್ಟಿಗೆ ಊಹಿಸಬಹುದು. ಇಂಥ ಗಾಯದೊಂದಿಗೆ ಬರುವವುಗಳಲ್ಲಿ ಹೆಚ್ಚಿನವು ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕುಗಳು.

ಆದರೆ ಬರೀ ಗಾಯಗಳನ್ನು ನೋಡಿ ಬೆಕ್ಕು ಜಗಳಗಂಟಿ ಪ್ರಾಣಿ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಸಾಕುಬೆಕ್ಕಿನ ಪೂರ್ವಜವಾದ ಆಫ್ರಿಕದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ. ಕಾಲಿಗೆ ಗಾಯವಾದರೆ ಅದಕ್ಕೆ ಆಹಾರ ತಂದುಕೊಡುವ ಗುಂಪಿಲ್ಲ. ಹೀಗಾಗಿ ಬೆಕ್ಕುಗಳ ವ್ಯವಹಾರವೆಲ್ಲ ಮುಖಾಮುಖಿಯನ್ನು ತಪ್ಪಿಸಿಕೊಳ್ಳುವುದರ ಸುತ್ತಲೇ ಬೆಳೆದಿದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಾಲ್ಕಾರು ಮನೆಗಳ ಬೆಕ್ಕುಗಳಿಗೆ ಒಂದೇ ಕಾಂಪೌಂಡ್ ಗೋಡೆ ಹೆದ್ದಾರಿಯಾಗಿರುತ್ತದೆ. ಅಲ್ಲಿ ಒಂದು ಬೆಕ್ಕು ಬರುತ್ತಿರುವುದನ್ನು ಕಂಡ ಇನ್ನೊಂದು ಕಿಟಕಿಯ ಸಜ್ಜೆಯ ಮೇಲೆಯೇ ಕುಳಿತು, ಬೇರೆಲ್ಲೋ ನೋಡುತ್ತ, ಅದು ದಾಟಿಹೋದ ಮೇಲಷ್ಟೇ ಗೋಡೆಗೆ ಇಳಿಯುತ್ತದೆ. ಒಂದೇ ದಾರಿಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುವ ಈ ಏರ್ಪಾಟನ್ನು ಜರ್ಮನಿಯ ವಿಜ್ಞಾನಿ ಪೌಲ್ ಲೈಹೌಸೆನ್ ಕಳೆದ ಶತಮಾನದಲ್ಲೇ ವಿವರಿಸಿದ್ದರು. ಬೆಳಿಗ್ಗೆ ಆ ಗೋಡೆಯ ಮೇಲೆ ದಾರಿ ಬಿಡಿಸಿಕೊಂಡ ಬೆಕ್ಕೇ ಸಂಜೆ ಇನ್ನೊಂದಕ್ಕೆ ದಾರಿ ಬಿಡಬಹುದು. ಎಲ್ಲ ಕಡೆಯೂ ಎಲ್ಲ ಹೊತ್ತೂ ನಡೆಯುವ ಯಜಮಾನಿಕೆ ಅವುಗಳಲ್ಲಿ ಕಾಣುವುದು ಕಡಿಮೆ. ರಾತ್ರಿ ನಮ್ಮ ನಿದ್ದೆ ಕೆಡಿಸುವ ಆ ಉದ್ದನೆಯ ಕೂಗಾಟವೂ ಬಹಳ ಸಲ ಹೊಡೆದಾಟವನ್ನು ತಪ್ಪಿಸುವ ಮಾತುಕತೆಯೇ ಆಗಿದ್ದು, ಕೊನೆಗೆ ಸೋತ ಬೆಕ್ಕು ಓಡದೆ, ಒಂದೊಂದೇ ಹೆಜ್ಜೆಯಿಟ್ಟು ಹಿಂದೆ ಸರಿಯುತ್ತದೆ, ಏಕೆಂದರೆ ಓಡಿದರೆ ಅಟ್ಟಿಸಿಕೊಂಡು ಬರುವುದು ಖಚಿತ.

ಈ ವ್ಯವಸ್ಥೆ ನಡೆಯಬೇಕಾದರೆ ಸರಿದುಹೋಗಲು ಜಾಗವಿರಬೇಕು. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಅದಿರುವುದಿಲ್ಲ. ಒಮ್ಮೆ ಮೂತ್ರದಲ್ಲಿ ರಕ್ತ ಹೋಗುತ್ತಿದ್ದ ಎಳೆಯ ಗಂಡು ಬೆಕ್ಕೊಂದನ್ನು ಮತ್ತೆ ಮತ್ತೆ ಕರೆತರುತ್ತಿದ್ದರು. ಮೂತ್ರದಲ್ಲಿ ಸೋಂಕಿರಲಿಲ್ಲ, ಸ್ಕ್ಯಾನಿಂಗಿನಲ್ಲಿ ಕಲ್ಲೂ ಕಾಣಲಿಲ್ಲ. ಮನೆಯಲ್ಲಿ ಇನ್ನೊಂದು ಬೆಕ್ಕಿದೆಯಾದರೂ ಎರಡೂ ಒಂದು ದಿನವೂ ಜಗಳವಾಡಿಲ್ಲ ಎಂದು ಮನೆಯೊಡತಿ ಹೇಳಿದರು. ಮೊಬೈಲಿನಲ್ಲಿ ವಿಡಿಯೊ ಮಾಡಿ ತರಲು ಹೇಳಿದೆ. ಹಿರಿಯ ಹೆಣ್ಣು ಬೆಕ್ಕು ಬಚ್ಚಲುಮನೆಯ ಬಾಗಿಲಿಗೆ ಅಡ್ಡವಾಗಿ, ಆರಾಮವಾಗಿ ಕಾಲು ಚಾಚಿ ಮಲಗಿತ್ತು. ಬೆಕ್ಕುಗಳು ಮಲಮೂತ್ರ ಮಾಡುವ ಲಿಟರ್ ಟ್ರೇ ಇದ್ದದ್ದು ಒಳಗೆ. ಗಂಡು ಬೆಕ್ಕು ಎರಡು ಹೆಜ್ಜೆ ಮುಂದೆ ಬಂತು. ಹೆಣ್ಣು ಬೆಕ್ಕು ಬುಸುಗುಡಲಿಲ್ಲ, ಏಳಲೂ ಇಲ್ಲ, ಸುಮ್ಮನೆ ತಲೆ ತಿರುಗಿಸಿ ರೆಪ್ಪೆ ಬಡಿಯದೆ ನೋಡಿತು. ಗಂಡು ಬೆಕ್ಕು ಕುಳಿತು, ತನ್ನ ಪಕ್ಕೆಯನ್ನು ಒಮ್ಮೆ ನೆಕ್ಕಿ, ಹಿಂದಿರುಗಿತು. ಮಾನಸಿಕ ಒತ್ತಡದಿಂದ ಬೆಕ್ಕುಗಳ ಮೂತ್ರಕೋಶದಲ್ಲಿ ಉರಿಯೂತ ಕಾಣಿಸಿಕೊಳ್ಳುವುದು ನಮಗೆಲ್ಲ ಪರಿಚಿತವಾದ ಸಂಗತಿ. ನೋವಿಗೆ ಔಷಧಿ ಕೊಟ್ಟು, ಮನೆಯ ಇನ್ನೊಂದು ತುದಿಯಲ್ಲಿ ಎರಡನೆಯ ಟ್ರೇ, ಬೇರೆ ಊಟದ ಬಟ್ಟಲು, ಎತ್ತರದಲ್ಲೊಂದು ಹಲಗೆ ಹಾಕಿಸಿದ ಮೇಲೆ ಕೆಲವು ವಾರಗಳಲ್ಲಿ ತೊಂದರೆ ಹತೋಟಿಗೆ ಬಂತು. (ಗಂಡು ಬೆಕ್ಕು ತಿಣುಕಿದರೂ ಮೂತ್ರವೇ ಬರದಿದ್ದರೆ ಅದು ತುರ್ತು ಸ್ಥಿತಿ, ವಿಡಿಯೊ ಮಾಡುತ್ತ ಕೂರದೆ ತಕ್ಷಣ ಕರೆತರಬೇಕು.)

ಅಂದಿನಿಂದ ಒಂದಕ್ಕಿಂತ ಹೆಚ್ಚು ಬೆಕ್ಕುಗಳಿರುವ ಮನೆಯವರನ್ನು ಜಗಳವಾಡುತ್ತವೆಯೇ ಎಂದು ಕೇಳುವುದನ್ನು ಬಿಟ್ಟು, ಟ್ರೇ ಎಲ್ಲಿದೆ, ಅಲ್ಲಿಗೆ ಹೋಗಲು ಎಷ್ಟು ದಾರಿಗಳಿವೆ, ಯಾರು ಎಲ್ಲಿ ಮಲಗುತ್ತಾರೆ ಎಂದು ಕೇಳುತ್ತೇನೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇರಬೇಕೆಂಬ ರೂಢಿಯ ಸಲಹೆ ಒಳ್ಳೆಯದೇ, ಆದರೆ ಮೂರು ಟ್ರೇಗಳನ್ನು ಒಂದೇ ಮೂಲೆಯಲ್ಲಿ ಸಾಲಾಗಿಟ್ಟರೆ ಬಾಗಿಲು ಕಾಯುವ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಟ್ರೇ.

ಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಬೆಕ್ಕಿನ ಮೇಲೆ ಜೊತೆಗಾರ ಬೆಕ್ಕು ಎರಗಿತೆಂದು ಫೋನ್ ಬರುವುದೂ ಉಂಟು. ಒಟ್ಟಿಗಿರುವ ಬೆಕ್ಕುಗಳು ಕೆನ್ನೆ, ಮೈ ಉಜ್ಜಿಕೊಂಡು ಒಂದೇ ವಾಸನೆಯನ್ನು ಹಂಚಿಕೊಂಡಿರುತ್ತವೆ. ನಮ್ಮ ಸ್ಪಿರಿಟ್ಟಿನ ವಾಸನೆ ಹೊತ್ತು ಬಂದದ್ದು ಅವುಗಳಿಗೆ ಅಪರಿಚಿತ. ಆದ್ದರಿಂದ ಅದನ್ನು ಕೆಲವು ಗಂಟೆ ಬೇರೆ ಕೋಣೆಯಲ್ಲಿಟ್ಟು, ಮನೆಯ ಬೆಕ್ಕು ಮಲಗಿದ್ದ ಬಟ್ಟೆಯನ್ನೇ ಹಾಸಿಕೊಡಲು ಹೇಳುತ್ತೇನೆ. ಎರಡನ್ನೂ ಒಂದೇ ಕೋಣೆಗೆ ತಳ್ಳಿ, ‘ಅವೇ ರಾಜಿಯಾಗಲಿ’ ಎಂದು ಬಾಗಿಲು ಹಾಕುವವರಿದ್ದಾರೆ. ಜಗಳವಾದ ಮೇಲೆ ಸಮಾಧಾನಪಡಿಸಿಕೊಳ್ಳುವ ಕ್ರಮಗಳು ನಾಯಿಗಳಲ್ಲಿರುವಷ್ಟು ಬೆಕ್ಕುಗಳಲ್ಲಿ ಇಲ್ಲದಿರುವುದರಿಂದ, ಮುಚ್ಚಿದ ಬಾಗಿಲಿನ ಹಿಂದಿನ ಒಂದು ಕಚ್ಚಾಟದ ಭಯ ತಿಂಗಳುಗಟ್ಟಲೆ ಉಳಿಯಬಹುದು. ಏನು ಮಾಡಿದರೂ ಹೊಂದದ ಜೋಡಿಗಳೂ ಇವೆ. ಅಂಥಲ್ಲಿ ಒಂದಕ್ಕೆ ಬೇರೆ ಮನೆ ಹುಡುಕಿ ಎಂದು ಹೇಳುತ್ತೇನೆ. ಮನೆಯವರಿಗೆ ಬೇಸರವಾಗುತ್ತದೆ, ಬೆಕ್ಕುಗಳಿಗೆ ಆಗುವುದು ಅಪರೂಪ.